ಒಳ್ಳೇದು ಮಾಡೋಕೂ ಪರ್ಮಿಶನ್ ಬೇಕು! ಮಾಸ್ಕೋದ ‘ರಾತ್ರಿ ಗಸ್ತು’ ಮಾಂತ್ರಿಕರ ಕಥೆ ಏನು?

ಮಾಸ್ಕೋ ನಗರ. ಒಂದು ಸಾಧಾರಣ ಅಪಾರ್ಟ್‌ಮೆಂಟ್. ಅಲ್ಲೊಬ್ಬ ಮಾಂತ್ರಿಕ ಬಾಡಿಗೆದಾರನ ಹಾಗೆ ತನ್ನ ಪಾಡಿಗೆ ಬದುಕಿದ್ದಾನೆ. ಅದೇ ಕಟ್ಟಡದ ಇನ್ನೊಂದು ಮನೆಯಲ್ಲಿ ರಕ್ತಪಿಶಾಚಿಗಳ ಸಂಸಾರ. ಅಪ್ಪ, ಅಮ್ಮ, ಓದೋ ವಯಸ್ಸಿನ ಮಗ ಕೋಸ್ತ್ಯಾ. ಮಾಂತ್ರಿಕನಿಗೂ ಆ ಹುಡುಗನಿಗೂ ಒಳ್ಳೆ ಸ್ನೇಹ. ಆದರೆ ಮಾಂತ್ರಿಕನ ನೌಕರಿ ಏನಂದ್ರೆ, ಆ ಹುಡುಗನಂಥವರ ಮೇಲೆ ಕಣ್ಣಿಡೋದು. ಅವರು ನಿಯಮ ಮೀರಿದರೆ ಮುಗಿಸೋದು.

ಸರಿ, ನಿಯಮ ಮೀರದೆಯೇ ಮನುಷ್ಯರ ರಕ್ತ ಕುಡಿದರೆ? ಆಗ ಮುಟ್ಟೋ ಹಾಗಿಲ್ಲ. ಯಾಕಂದ್ರೆ ಬೇಟೆಗೆ ಲೈಸೆನ್ಸ್ ಕೊಟ್ಟಿರೋದು ಮಾಂತ್ರಿಕನ ಆಫೀಸೇ. ಯಾರು ಬಲಿ ಅನ್ನೋದನ್ನ ಲಾಟರಿ ಎತ್ತಿ ತೀರ್ಮಾನ ಮಾಡ್ತಾರೆ. ಹೀಗೆ ಲಾಟರಿಗೆ ಒಪ್ಪಿಕೊಂಡವರು ಕೆಟ್ಟವರಲ್ಲ, ಕಥೆಯಲ್ಲಿ ‘ಬೆಳಕಿನವರು’ ಅಂತ ಕರೆಸಿಕೊಳ್ಳೋ ಒಳ್ಳೆಯವರು!

ರಷ್ಯನ್ ಲೇಖಕ ಸೆರ್ಗೇಯ್ ಲುಕ್ಯಾನೆಂಕೊ ಬರೆದ ‘ನೈಟ್ ವಾಚ್’ ಕಾದಂಬರಿ ಸರಣಿಯ ಲೋಕ ಇದು. ಮೊದಲ ಪುಸ್ತಕ ಬಂದಿದ್ದು 1998ರಲ್ಲಿ, ಆರನೆಯದು ಹಾಗೂ ಕೊನೆಯದು 2014ರಲ್ಲಿ. ಮಂತ್ರವಾದಿಗಳ ಕಥೆ ಅಂದ್ರೆ ಕೋಟೆ, ಡ್ರ್ಯಾಗನ್, ಉದ್ದ ಗಡ್ಡದ ಮುದುಕ ಅಂದುಕೊಂಡವರಿಗೆ ಇದು ಬೇರೆಯದೇ ರುಚಿ. ಇಲ್ಲಿ ಮಾಂತ್ರಿಕರು ಮೆಟ್ರೋದಲ್ಲಿ ಓಡಾಡ್ತಾರೆ, ವೋಡ್ಕಾ ಕುಡೀತಾರೆ, ಬಾಸ್ ಹತ್ತಿರ ಬೈಸಿಕೊಳ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ‘ನಾವು ಮಾಡ್ತಿರೋದು ಸರಿನಾ?’ ಅಂತ ರಾತ್ರಿ ನಿದ್ದೆಗೆಡ್ತಾರೆ.

ಇಷ್ಟಕ್ಕೂ ಏನಿದು ‘ಗಸ್ತು’?

ಕಥೆಯ ಹಿನ್ನೆಲೆ ಹೀಗಿದೆ. ಮನುಷ್ಯರ ನಡುವೆ ಕೆಲವರು ಹುಟ್ಟಿನಿಂದಲೇ ಮಂತ್ರಶಕ್ತಿ ಇರುವವರು. ಅವರನ್ನು ‘ಬೇರೆಯವರು’ ಅಂತ ಕರೀತಾರೆ. ಮಾಂತ್ರಿಕರು, ಮಾಟಗಾತಿಯರು, ರಕ್ತಪಿಶಾಚಿಗಳು, ರೂಪ ಬದಲಿಸುವವರು ಎಲ್ಲ ಇದರಲ್ಲೇ ಬಂದರು. ಇವರಲ್ಲಿ ಬೆಳಕಿನವರು, ಕತ್ತಲಿನವರು ಅಂತ ಎರಡು ಬಣ. ಬಹಳ ಹಿಂದೆ ಎರಡೂ ಬಣ ಬಡಿದಾಡಿಕೊಂಡು, ಹೀಗೇ ಹೋದರೆ ಇಬ್ಬರೂ ನಾಶ ಅಂತ ಗೊತ್ತಾದ ಮೇಲೆ ಒಂದು ಮಹಾ ಒಪ್ಪಂದಕ್ಕೆ ಬಂದರು. ಯಾರೂ ಯಾರ ಮೇಲೂ ಕೈ ಮಾಡೋ ಹಾಗಿಲ್ಲ. ಮನುಷ್ಯರ ವಿಷಯದಲ್ಲಿ ಯಾರು ಎಷ್ಟು ಕೈ ಹಾಕಿದರು ಅನ್ನೋದಕ್ಕೆ ಲೆಕ್ಕ ಇರಬೇಕು.

ಈ ಲೆಕ್ಕ ಕಾಯೋದಕ್ಕೆ ಎರಡು ಪೊಲೀಸ್ ಪಡೆಗಳಿವೆ. ಕತ್ತಲಿನವರ ಮೇಲೆ ರಾತ್ರಿ ಹೊತ್ತು ಕಣ್ಣಿಡೋದು ಬೆಳಕಿನವರ ಪಡೆ, ಅದು ‘ರಾತ್ರಿ ಗಸ್ತು’. ಬೆಳಕಿನವರ ಮೇಲೆ ಹಗಲಲ್ಲಿ ಕಣ್ಣಿಡೋದು ಕತ್ತಲಿನವರ ಪಡೆ, ಅದು ‘ಹಗಲು ಗಸ್ತು’. ಹೆಸರು ಕೇಳಿ ಉಲ್ಟಾ ತಿಳಿದುಕೊಳ್ಳೋರೇ ಜಾಸ್ತಿ. ರಾತ್ರಿಯವರು ಕೆಟ್ಟವರು, ಹಗಲಿನವರು ಒಳ್ಳೆಯವರು ಅಂತ ಅಲ್ಲ, ತದ್ವಿರುದ್ಧ. ಎರಡೂ ಪಡೆಗಳ ಮೇಲೆ ಇನ್‌ಕ್ವಿಸಿಷನ್ ಅನ್ನೋ ಮೂರನೇ ಸಂಸ್ಥೆ ಇದೆ. ನ್ಯಾಯಾಲಯದ ಥರ. ಎರಡೂ ಬಣ ಬಿಟ್ಟು ಬಂದವರೇ ಅಲ್ಲಿ ನ್ಯಾಯಾಧೀಶರು. ಅವರಿಗೆ ಒಳ್ಳೆಯದು ಕೆಟ್ಟದ್ದರ ಗೊಡವೆ ಇಲ್ಲ, ಒಪ್ಪಂದ ಉಳಿಯಬೇಕು, ಅಷ್ಟೇ.

ಮಾಸ್ಕೋದ ರಾತ್ರಿ ಗಸ್ತಿನ ಮುಖ್ಯಸ್ಥ ಬೋರಿಸ್ ಇಗ್ನಾತ್ಯೆವಿಚ್. ಅವನ ನಿಜವಾದ ಹೆಸರು ಗೆಸೆರ್. ಟಿಬೆಟ್, ಮಂಗೋಲಿಯಾ ಕಡೆಯ ಜಾನಪದ ಮಹಾಕಾವ್ಯದ ವೀರ ರಾಜನ ಹೆಸರದು. ನಮ್ಮ ಲಡಾಖ್‌ನಲ್ಲೂ ಆ ರಾಜನ ಕಥೆಯನ್ನು ಹಾಡಿ ಹೇಳ್ತಾರೆ. ಎದುರು ಬಣದ ಮುಖ್ಯಸ್ಥನ ಹೆಸರು ಜಾವುಲೋನ್, ಅದು ಬೈಬಲ್‌ನಿಂದ ಬಂದಿದ್ದು. ಇಬ್ಬರೂ ಶತಮಾನಗಳಿಂದ ಚದುರಂಗ ಆಡ್ತಾ ಇದ್ದಾರೆ. ಕಾಯಿಗಳು ಮಾತ್ರ ಕೆಳಗಿನ ನೌಕರರು.

ಅಂಥ ಒಂದು ಕಾಯಿ ನಮ್ಮ ನಾಯಕ ಅಂತೋನ್ ಗೊರೊದೆತ್ಸ್‌ಕಿ. ಆಫೀಸಿನ ಕಂಪ್ಯೂಟರ್ ನೋಡಿಕೊಳ್ತಿದ್ದವನು, ಮಧ್ಯಮ ದರ್ಜೆಯ ಮಾಂತ್ರಿಕ. ಅವನನ್ನು ಎತ್ತಿ ಫೀಲ್ಡ್‌ಗೆ ಹಾಕ್ತಾರೆ. ನಿಯಮ ಮೀರಿದ ರಕ್ತಪಿಶಾಚಿಗಳ ಜಾಡು ಹಿಡೀಬೇಕಂದ್ರೆ ಅವರ ಹಾಗೇ ರಕ್ತದ ರುಚಿ ಹತ್ತಿಸಿಕೊಳ್ಳಬೇಕು. ಹಾಗಾಗಿ ಅವನು ಹಂದಿಯ ರಕ್ತ ಕುಡೀತಾನೆ. ಪುಸ್ತಕದ ಮೊದಲ ಪುಟಗಳಲ್ಲೇ ಒಳ್ಳೆಯವನ ಕೈಯಲ್ಲಿ ರಕ್ತದ ಬಾಟಲಿ. ಲೇಖಕ ಎಲ್ಲಿಗೆ ಕರೆದುಕೊಂಡು ಹೋಗ್ತಾನೆ ಅನ್ನೋದು ಅಲ್ಲೇ ಗೊತ್ತಾಗುತ್ತೆ.

‘ಮಬ್ಬು’: ನೆರಳೊಳಗೆ ಕಾಲಿಟ್ಟರೆ ಸಿಗೋ ಲೋಕ

ಈ ಸರಣಿಯ ದೊಡ್ಡ ಕಲ್ಪನೆ ಅಂದ್ರೆ ಮಬ್ಬು. ನಮ್ಮ ಲೋಕದ ಪಕ್ಕದಲ್ಲೇ, ಅದೇ ಬೀದಿ, ಅದೇ ಮನೆ, ಅದೇ ಮೆಟ್ಟಿಲು ಇರೋ ಇನ್ನೊಂದು ಪದರ. ಬೇರೆಯವರು ತಮ್ಮ ನೆರಳನ್ನು ನೋಡ್ತಾ ಅದರೊಳಗೆ ಹೆಜ್ಜೆ ಇಟ್ಟರೆ ಅಲ್ಲಿಗೆ ಹೋಗ್ತಾರೆ. ಅಲ್ಲಿ ಬಣ್ಣ ಇಲ್ಲ, ಚಳಿ, ಸದ್ದು ಮಂದ. ಹೊರಗಿನ ಜನ ನಿಧಾನಕ್ಕೆ ಚಲಿಸಿದ ಹಾಗೆ ಕಾಣ್ತಾರೆ. ಜಾಸ್ತಿ ಹೊತ್ತು ಇದ್ದರೆ ಮಬ್ಬು ಶಕ್ತಿಯನ್ನೆಲ್ಲ ಹೀರಿಬಿಡುತ್ತೆ.

ಅಲ್ಲಿ ಬೆಳೆಯೋದು ಒಂದೇ ಒಂದು ಗಿಡ, ನೀಲಿ ಪಾಚಿ. ಅದರ ಗೊಬ್ಬರ ಮನುಷ್ಯರ ಭಾವನೆ. ಜಗಳ, ಅಳು, ಸಿಟ್ಟು ತುಂಬಿದ ಮನೆಯ ಗೋಡೆಗಳಲ್ಲಿ ಪಾಚಿ ದಟ್ಟವಾಗಿ ಹಬ್ಬಿರುತ್ತೆ. ಮಂತ್ರಶಕ್ತಿಯನ್ನು ತೋರಿಸೋಕೆ ಬೆಂಕಿ, ಮಿಂಚು ಎಲ್ಲರೂ ಬಳಸ್ತಾರೆ. ನೊಂದ ಮನೆಯ ಗೋಡೆ ಮೇಲೆ ಪಾಚಿ ಹಬ್ಬಿಸೋ ಯೋಚನೆ ಮಾತ್ರ ತೀರಾ ಅಪರೂಪದ್ದು. ಅಂದಹಾಗೆ ಲುಕ್ಯಾನೆಂಕೊ ಓದಿದ್ದು ವೈದ್ಯಕೀಯ, ಅದರಲ್ಲೂ ಮನೋವೈದ್ಯಶಾಸ್ತ್ರ.

ಇನ್ನೊಂದು ಸಂಗತಿ ಗಮನಿಸಬೇಕು. ಒಬ್ಬ ವ್ಯಕ್ತಿ ಬೆಳಕಿನವನಾಗ್ತಾನಾ ಕತ್ತಲಿನವನಾಗ್ತಾನಾ ಅನ್ನೋದು ಅವನ ಗುಣ, ಜಾತಕ, ವಂಶ ಯಾವುದರ ಮೇಲೂ ನಿಂತಿಲ್ಲ. ಮೊದಲ ಸಲ ಮಬ್ಬಿಗೆ ಕಾಲಿಟ್ಟಾಗ ಮನಸ್ಸಿನಲ್ಲಿ ಏನಿತ್ತು ಅನ್ನೋದರ ಮೇಲೆ ನಿಂತಿದೆ. ಆ ದಿನ ಖುಷಿಯಾಗಿದ್ದರೆ ಬೆಳಕು. ಯಾರ ಮೇಲೋ ಹೊಟ್ಟೆಕಿಚ್ಚು, ಕೋಪ ಇದ್ದರೆ ಕತ್ತಲು. ಒಂದು ಕ್ಷಣದ ಮೂಡು ಇಡೀ ಬದುಕಿನ ಬಣವನ್ನು ನಿರ್ಧರಿಸಿಬಿಡುತ್ತೆ. ಆಮೇಲೆ ಬದಲಿಸೋದು ಹೆಚ್ಚುಕಡಿಮೆ ಆಗದ ಮಾತು. ಹಾಗಿದ್ದ ಮೇಲೆ ‘ನಾವು ಒಳ್ಳೆಯವರು’ ಅಂತ ಎದೆ ತಟ್ಟಿಕೊಳ್ಳೋಕೆ ಏನು ಅರ್ಥ?

ಒಂದು ಒಳ್ಳೇದಕ್ಕೆ ಒಂದು ಕೆಟ್ಟದ್ದು

ಒಪ್ಪಂದದ ಅತಿ ಕ್ರೂರವಾದ ನಿಯಮ ಇದು. ಬೆಳಕಿನ ಮಾಂತ್ರಿಕ ಮಂತ್ರ ಬಳಸಿ ಯಾರಿಗಾದರೂ ಒಳ್ಳೆಯದು ಮಾಡಿದರೆ, ಅಷ್ಟೇ ತೂಕದ ಕೆಟ್ಟ ಕೆಲಸ ಮಾಡೋ ಹಕ್ಕು ಕತ್ತಲಿನವರಿಗೆ ಸಿಗುತ್ತೆ. ತೂಕ ಅಳೆಯೋಕೆ ದರ್ಜೆಗಳಿವೆ. ಏಳನೇ ದರ್ಜೆ ಅಂದ್ರೆ ಸಣ್ಣದು, ಒಂದನೇ ದರ್ಜೆ ಅಂದ್ರೆ ದೊಡ್ಡದು.

ಉದಾಹರಣೆಗೆ, ಹೆಂಡತಿಗೆ ಹೊಡೆಯೋ ಒಬ್ಬ ಕುಡುಕನ ಮನಸ್ಸನ್ನು ಮಾಂತ್ರಿಕ ತಿದ್ದಿದ ಅಂದುಕೊಳ್ಳಿ. ಆ ಮನೆ ಉಳೀತು. ಆದರೆ ಅದೇ ನಗರದ ಇನ್ಯಾವುದೋ ಮನೆಯಲ್ಲಿ, ಇಲ್ಲಿವರೆಗೆ ನೆಟ್ಟಗಿದ್ದವನ ಮನಸ್ಸನ್ನು ಕತ್ತಲಿನವರು ಕೆಡಿಸ್ತಾರೆ. ಕಾನೂನುಬದ್ಧವಾಗಿ! ಎರಡನೇ ಮನೆಯ ಹೆಂಗಸಿನ ಕಣ್ಣೀರಿಗೆ ಯಾರು ಹೊಣೆ? ಹೀಗಾಗಿ ರಾತ್ರಿ ಗಸ್ತಿನವರು ನೋವು ಕಣ್ಣೆದುರಿಗೇ ಇದ್ದರೂ ಕೈಕಟ್ಟಿ ನಿಲ್ಲೋ ಪರಿಸ್ಥಿತಿ. ಶಕ್ತಿ ಇದೆ, ಮನಸ್ಸೂ ಇದೆ, ಪರ್ಮಿಶನ್ ಇಲ್ಲ.

ಮೊದಲ ಕಾದಂಬರಿಯಲ್ಲಿ ಅಂತೋನ್ ಮೆಟ್ರೋದಲ್ಲಿ ಒಬ್ಬ ಯುವತಿಯನ್ನು ನೋಡ್ತಾನೆ. ಅವಳ ತಲೆ ಮೇಲೆ ಕಪ್ಪು ಸುಳಿ, ಶಾಪದ ಸುಳಿ. ಹೆಸರು ಸ್ವೆತ್‌ಲಾನಾ, ವೃತ್ತಿಯಲ್ಲಿ ಡಾಕ್ಟರ್. ಸುಳಿ ಬೆಳೀತಾ ಹೋಗಿ ಇಡೀ ಮಾಸ್ಕೋಗೇ ಅಪಾಯ ಅನ್ನೋ ಮಟ್ಟಕ್ಕೆ ಬರುತ್ತೆ. ಅದೇ ಹೊತ್ತಿಗೆ ಇನ್ನೊಂದು ಕಡೆ ಯೆಗೋರ್ ಅನ್ನೋ ಹುಡುಗ ರಕ್ತಪಿಶಾಚಿಯ ಬಲೆಗೆ ಬಿದ್ದಿದ್ದಾನೆ. ಇಂಥ ಶಾಪ ಹಾಕೋಕೆ ಭಾರೀ ಕತ್ತಲ ಮಾಂತ್ರಿಕನೇ ಬೇಕು ಅಂತ ಎಲ್ಲರೂ ಹುಡುಕ್ತಾರೆ. ಕೊನೆಗೆ ಗೊತ್ತಾಗೋದೇನು? ಶಾಪ ಹಾಕಿದ್ದು ಅವಳೇ, ತನಗೆ ತಾನೇ. ಕಾಯಿಲೆ ಬಿದ್ದ ತಾಯಿಯ ವಿಷಯದಲ್ಲಿ ತನ್ನನ್ನೇ ತಪ್ಪಿತಸ್ಥಳು ಅಂದುಕೊಂಡು ಒಳಗೊಳಗೇ ಕೊರಗಿದ್ದಳು. ಮಹಾ ಮಾಂತ್ರಿಕಳಾಗೋ ಶಕ್ತಿ ತನ್ನಲ್ಲಿದೆ ಅನ್ನೋದು ಅವಳಿಗೇ ಗೊತ್ತಿಲ್ಲ. ಹಾಗಾಗಿ ಕೊರಗೇ ಶಾಪ ಆಯ್ತು. ಮಂತ್ರದ ಕಥೆಯಲ್ಲಿ ಶತ್ರುವನ್ನು ಸೋಲಿಸೋದು ಸುಲಭ. ಇಲ್ಲಿ ಅಂತೋನ್ ಮಾಡಬೇಕಾಗಿದ್ದು ಕೂತು ಮಾತಾಡಿಸೋದು. ಇಡೀ ಸರಣಿಯಲ್ಲಿ ಇದಕ್ಕಿಂತ ಒಳ್ಳೆ ಕಥಾಭಾಗ ಹುಡುಕೋದು ಕಷ್ಟ.

ಒಪ್ಪಂದ ಗೊತ್ತಿಲ್ಲದ ಒಳ್ಳೆಯವನು

ಅದೇ ಪುಸ್ತಕದ ಎರಡನೇ ಕಥೆ ಇನ್ನೂ ಇರಿಸುಮುರಿಸು ಹುಟ್ಟಿಸುತ್ತೆ. ಮಾಸ್ಕೋದಲ್ಲಿ ಯಾರೋ ಕತ್ತಲಿನವರನ್ನು ಒಬ್ಬೊಬ್ಬರಾಗಿ ಕೊಲ್ತಿದ್ದಾರೆ. ಕೊಲೆಗಾರನ ಹೆಸರು ಮಕ್ಸಿಮ್. ಅವನೂ ಬೆಳಕಿನ ಶಕ್ತಿ ಇರೋನೇ, ಆದರೆ ಗಸ್ತು, ಒಪ್ಪಂದ, ಲೈಸೆನ್ಸ್ ಯಾವುದೂ ಗೊತ್ತಿಲ್ಲ. ಎದುರಿಗಿರೋರ ಒಳಗಿನ ಕತ್ತಲು ಅವನಿಗೆ ಕಾಣುತ್ತೆ. ಕಂಡ ಕೂಡಲೇ ಕೊಲ್ತಾನೆ. ದುಷ್ಟರನ್ನು ಸಂಹಾರ ಮಾಡ್ತಿದ್ದೀನಿ ಅನ್ನೋದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಇಲ್ಲ. ಅವನ ಕೈಯಲ್ಲಿ ಸತ್ತವರಲ್ಲಿ ಯಾರಿಗೂ ತೊಂದರೆ ಕೊಡದೆ ತಮ್ಮ ಪಾಡಿಗಿದ್ದವರೂ ಇದ್ದಾರೆ.

ಕೊಲೆಗಳ ಆರೋಪ ಬರೋದು ಅಂತೋನ್ ತಲೆ ಮೇಲೆ. ತಪ್ಪಿಸಿಕೊಳ್ತಾ ಓಡೋ ಅಂತೋನ್ ಕೊನೆಗೆ ಮಕ್ಸಿಮ್ ಎದುರು ನಿಲ್ತಾನೆ. ಆ ಹೊತ್ತಿಗೆ ಮಕ್ಸಿಮ್ ಕಣ್ಣು ಬಿದ್ದಿರೋದು ಹುಡುಗ ಯೆಗೋರ್ ಮೇಲೆ, ಅವನಲ್ಲೂ ಕತ್ತಲಿನ ಛಾಯೆ ಕಂಡಿದೆ. ಈಗ ಅಂತೋನ್ ಏನು ಮಾಡಬೇಕು? ಎದುರಿಗಿರೋನು ತನ್ನದೇ ಬಣದವನು, ನಿಯತ್ತಿನವನು. ಹಿಂದೆ ನಿಂತಿರೋದು ನಾಳೆ ಶತ್ರುವಾಗಬಹುದಾದ ಮಗು. ಅಂತೋನ್ ಮಗುವಿನ ಪರ ನಿಲ್ತಾನೆ. ಕಥೆಯ ಕೊನೆಗೆ ಮಕ್ಸಿಮ್‌ನನ್ನು ಯಾರೂ ಗಲ್ಲಿಗೇರಿಸಲ್ಲ, ಇನ್‌ಕ್ವಿಸಿಷನ್ ಅವನನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತೆ! ಅನುಮಾನವೇ ಬಾರದ ಮನಸ್ಸು ಎಲ್ಲಿಗೆ ಉಪಯೋಗಕ್ಕೆ ಬರುತ್ತೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು.

ಬೆಳಕಿನವರ ಇನ್ನೊಂದು ಮುಖ ಮೂರನೇ ಕಥೆಯಲ್ಲಿ ಸಿಗುತ್ತೆ. ಮನುಷ್ಯಕುಲವನ್ನು ಒಂದೇ ಏಟಿಗೆ ಉದ್ಧಾರ ಮಾಡೋ ಪ್ರಯತ್ನಗಳನ್ನು ಅವರು ಹಿಂದೆಯೂ ಮಾಡಿದ್ದಾರೆ, ರಷ್ಯಾದ ಕ್ರಾಂತಿಯೂ ಅಂಥದ್ದೊಂದು ಪ್ರಯೋಗ ಅನ್ನೋ ಮಾತು ಕಾದಂಬರಿಯಲ್ಲಿ ಬರುತ್ತೆ. ಈಗ ವಿಧಿಯನ್ನೇ ತಿದ್ದಿ ಬರೆಯೋ ಒಂದು ಸೀಮೆಸುಣ್ಣ ಇಟ್ಟುಕೊಂಡು ಮತ್ತೊಂದು ಪ್ರಯೋಗಕ್ಕೆ ತಯಾರಿ. ಇದನ್ನು ತಡೀಬೇಕಂದ್ರೆ ಅಂತೋನ್‌ಗೆ ಶಕ್ತಿ ಬೇಕು. ಅದಕ್ಕೆ ಸಂಜೆ ಹೊತ್ತು ಮಾಸ್ಕೋದ ಬೀದಿಯಲ್ಲಿ ನಡೀತಾ, ಎದುರಾದವರ ಸಣ್ಣ ಸಣ್ಣ ಖುಷಿಗಳನ್ನು ಹೀರಿಕೊಳ್ತಾ ಹೋಗ್ತಾನೆ. ಅವನು ದಾಟಿಹೋದ ಮೇಲೆ ಆ ಮುಖಗಳು ಬಾಡ್ತವೆ. ಒಳ್ಳೆ ಉದ್ದೇಶಕ್ಕೇ ತಗೊಂಡಿದ್ದು ನಿಜ. ಯಾರನ್ನೂ ಕೇಳಿ ತಗೊಂಡಿದ್ದಲ್ಲ ಅನ್ನೋದೂ ಅಷ್ಟೇ ನಿಜ.

1968ರಲ್ಲಿ ಸೋವಿಯತ್ ಕಜಾಕ್‌ಸ್ತಾನದಲ್ಲಿ ಹುಟ್ಟಿದ ಲೇಖಕ ಇದನ್ನು ಬರೆದಿದ್ದು ಸುಮ್ಮನೆ ಅಲ್ಲ. ಎಲ್ಲರಿಗೂ ಒಳ್ಳೆಯದು ಮಾಡ್ತೀವಿ ಅಂತ ಹೇಳ್ತಿದ್ದ ದೇಶ 1991ರ ಡಿಸೆಂಬರ್‌ನಲ್ಲಿ ಕಣ್ಣೆದುರೇ ಇಲ್ಲವಾಯ್ತು. ಪುಸ್ತಕ ಬಂದ 1998ರ ಆಗಸ್ಟ್‌ನಲ್ಲಿ ರೂಬಲ್ ಕುಸಿದು ಜನರ ಉಳಿತಾಯ ಕರಗಿಹೋಯ್ತು. ಯಾವ ದೊಡ್ಡ ಮಾತನ್ನೂ ನಂಬೋ ಸ್ಥಿತಿಯಲ್ಲಿ ಓದುಗ ಇರಲಿಲ್ಲ. ಸೋವಿಯತ್ ಕಾಲದಲ್ಲಿ ಅಗ್ಗದ ಬೆಲೆಗೆ ನಮ್ಮಲ್ಲಿಗೆ ಬರ್ತಿದ್ದ ರಷ್ಯನ್ ಪುಸ್ತಕಗಳನ್ನು ಓದಿ ಬೆಳೆದ ಹಿರಿಯರು ಇದನ್ನು ಓದಿದರೆ, ಅದೇ ದೇಶನಾ ಇದು ಅಂತ ಬೆಚ್ಚಿಬೀಳಬಹುದು.

ಕತ್ತಲಿನವರ ಕಡೆಯಿಂದ ನೋಡಿದರೆ?

2000ರಲ್ಲಿ ಬಂದ ಎರಡನೇ ಪುಸ್ತಕ ‘ಡೇ ವಾಚ್’ ಅನ್ನು ಲುಕ್ಯಾನೆಂಕೊ ಒಬ್ಬರೇ ಬರೆದಿಲ್ಲ, ವ್ಲಾದಿಮಿರ್ ವಸಿಲ್ಯೆವ್ ಜೊತೆ ಸೇರಿ ಬರೆದಿದ್ದು. ಇದರಲ್ಲಿ ಕಥೆ ಹೇಳೋದು ಎದುರು ಪಾರ್ಟಿ. ಮೊದಲ ಕಥೆಯ ನಾಯಕಿ ಅಲೀಸಾ, ಕತ್ತಲಿನ ಮಾಟಗಾತಿ. ಒಂದು ಹೊಡೆದಾಟದಲ್ಲಿ ಶಕ್ತಿಯೆಲ್ಲ ಬರಿದಾಗಿ, ಚೇತರಿಸಿಕೊಳ್ಳೋಕೆ ಕ್ರಿಮಿಯಾದ ಸಮುದ್ರ ತೀರದಲ್ಲಿರೋ ‘ಆರ್ತೆಕ್’ ಮಕ್ಕಳ ಶಿಬಿರಕ್ಕೆ ಹೋಗ್ತಾಳೆ. ಆರ್ತೆಕ್ ಕಾಲ್ಪನಿಕ ಅಲ್ಲ, ಸೋವಿಯತ್ ಕಾಲದ ಅತಿ ಹೆಸರುವಾಸಿ ಮಕ್ಕಳ ಶಿಬಿರ. ಅಲ್ಲಿ ಅವಳ ಔಷಧಿ ಏನು ಗೊತ್ತಾ? ಮಕ್ಕಳ ಕೆಟ್ಟ ಕನಸುಗಳು. ಮಕ್ಕಳು ಹೆದರಿದಷ್ಟೂ ಇವಳಿಗೆ ಬಲ.

ಅಲ್ಲೇ ಇಗೋರ್ ಅನ್ನೋ ಯುವಕನ ಪರಿಚಯ ಆಗಿ ಪ್ರೀತಿ ಹುಟ್ಟುತ್ತೆ. ಅವನೂ ಶಕ್ತಿ ಕಳ್ಕೊಂಡು ಬಂದವನೇ, ಆದರೆ ಬೆಳಕಿನವನು. ಶಕ್ತಿ ಇಲ್ಲದ ಕಾರಣ ಒಬ್ಬರನ್ನೊಬ್ಬರು ಗುರುತಿಸಿಲ್ಲ. ಗೊತ್ತಾದ ದಿನ ದ್ವಂದ್ವಯುದ್ಧ. ಅಲೀಸಾ ಸಮುದ್ರದಲ್ಲಿ ಸಾಯ್ತಾಳೆ. ಇಬ್ಬರನ್ನೂ ಅಲ್ಲಿಗೆ ಸೇರಿಸಿದ್ದು ಜಾವುಲೋನ್ ಲೆಕ್ಕಾಚಾರ ಅನ್ನೋದು ಆಮೇಲೆ ತಿಳಿಯುತ್ತೆ. ಮುಂದೆ ಪ್ರಾಗ್ ನಗರದಲ್ಲಿ ಇನ್‌ಕ್ವಿಸಿಷನ್ ಮುಂದೆ ವಿಚಾರಣೆ ನಡೆದಾಗ ಇಗೋರ್ ಬದುಕೋದನ್ನೇ ಆರಿಸಿಕೊಳ್ಳಲ್ಲ, ಮಬ್ಬಿನಲ್ಲಿ ಕರಗಿಹೋಗ್ತಾನೆ. ಮಕ್ಕಳ ಭಯ ಕುಡಿದು ಬದುಕೋ ಹೆಂಗಸಿನ ಸಾವಿಗೆ ಓದುಗ ಕಣ್ಣೀರು ಹಾಕೋ ಹಾಗೆ ಬರೆಯೋದು ಸಣ್ಣ ಮಾತಲ್ಲ.

ಕತ್ತಲಿನವರ ವಾದವನ್ನೂ ಪುಸ್ತಕ ನ್ಯಾಯವಾಗಿ ಮುಂದಿಡುತ್ತೆ. ಅವರ ಪ್ರಕಾರ ಕತ್ತಲು ಅಂದ್ರೆ ಸ್ವಾತಂತ್ರ್ಯ. ನನ್ನ ಬದುಕು ನನ್ನದು, ನಿನ್ನ ಒಳಿತಿನ ಹೊಣೆ ನನ್ನದಲ್ಲ, ನನ್ನ ಒಳಿತನ್ನು ನೀನು ತೀರ್ಮಾನ ಮಾಡಬೇಡ. ಬೆಳಕಿನವರದ್ದು ಹೊಣೆಗಾರಿಕೆ. ಬೇರೆಯವರಿಗೆ ಬೇಕೋ ಬೇಡವೋ, ಒಳ್ಳೇದು ಮಾಡಿಯೇ ತೀರ್ತೀವಿ ಅನ್ನೋ ಹಟ. ಯಾವುದು ಹೆಚ್ಚು ಅಪಾಯ? ಆರೂ ಪುಸ್ತಕ ಓದಿದ ಮೇಲೂ ಜಗಳ ಆಡಬಹುದಾದ ಪ್ರಶ್ನೆ.

ಎರಡನೇ ಕಥೆಯಲ್ಲಿ ಉಕ್ರೇನಿನ ಮಿಕೊಲಾಯಿವ್ ಊರಿಂದ ವಿತಾಲಿ ರೊಗೋಜಾ ಅನ್ನೋನು ರೈಲಿನಲ್ಲಿ ಮಾಸ್ಕೋಗೆ ಬರ್ತಾನೆ. ತಾನ್ಯಾರು, ಯಾಕೆ ಬಂದೆ ಅವನಿಗೇ ಗೊತ್ತಿಲ್ಲ. ಎದುರಾಳಿ ಎಷ್ಟು ಬಲಶಾಲಿಯೋ ಅಷ್ಟೇ ಬಲ ತಾನಾಗೇ ಬರುತ್ತೆ. ಅವನೊಂದು ‘ಕನ್ನಡಿ’. ಒಂದು ಬಣ ಜಾಸ್ತಿ ಬಲಿತಾಗ ತಕ್ಕಡಿ ಸರಿ ಮಾಡೋಕೆ ಮಬ್ಬೇ ಹುಟ್ಟಿಸಿದ ಮನುಷ್ಯ. ಕೆಲಸ ಮುಗಿದ ಮೇಲೆ ಕನ್ನಡಿಗೆ ಬದುಕು ಇಲ್ಲ.

ಮಾಂತ್ರಿಕರ ಶಕ್ತಿ ಎಲ್ಲಿಂದ ಬರುತ್ತೆ?

2004ರ ಮೂರನೇ ಪುಸ್ತಕ ‘ಟ್ವೈಲೈಟ್ ವಾಚ್’ನಲ್ಲಿ ಲೇಖಕ ತನ್ನ ಲೋಕದ ಬುಡಕ್ಕೇ ಕೈ ಹಾಕ್ತಾನೆ. (ಇನ್ನೂ ಓದದೆ ಇರೋರು, ಗುಟ್ಟು ಬೇಡ ಅನ್ನೋರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ.) ಅಲ್ಲಿವರೆಗೆ ಎಲ್ಲರೂ ಅಂದುಕೊಂಡಿದ್ದು, ಬೇರೆಯವರಲ್ಲಿ ಮಂತ್ರಶಕ್ತಿ ಹುಟ್ಟುತ್ತೆ, ಮನುಷ್ಯರಲ್ಲಿ ಇಲ್ಲ ಅಂತ. ಅಸಲಿ ವಿಷಯ ಉಲ್ಟಾ. ಶಕ್ತಿ ಹುಟ್ಟೋದು ಮನುಷ್ಯರಲ್ಲಿ. ಬಿಸಿ ವಸ್ತುವಿಂದ ತಣ್ಣಗಿನ ವಸ್ತುವಿಗೆ ಶಾಖ ಹರಿಯೋ ಹಾಗೆ ಅದು ಬೇರೆಯವರ ಕಡೆಗೆ ಹರಿಯುತ್ತೆ. ಮಹಾ ಮಾಂತ್ರಿಕ ಅಂದ್ರೆ ಮಹಾ ತಣ್ಣಗಿನವನು ಅಂತಷ್ಟೇ ಅರ್ಥ. ಬೆಳಕಿನವರಿರಲಿ ಕತ್ತಲಿನವರಿರಲಿ, ಎಲ್ಲರೂ ಮನುಷ್ಯರನ್ನು ಹೀರಿ ಬದುಕೋರೇ. ರಕ್ತಪಿಶಾಚಿ ಬಾಯಲ್ಲಿ ಕುಡೀತಾನೆ, ಉಳಿದವರು ಹಾಗೇ ಕುಡೀತಾರೆ.

ಅದೇ ಪುಸ್ತಕದಲ್ಲಿ ಅಂತೋನ್‌ನ ಹಳೇ ಸ್ನೇಹಿತ ಕೋಸ್ತ್ಯಾ ಮತ್ತೆ ಬರ್ತಾನೆ. ಎಲ್ಲ ಮನುಷ್ಯರನ್ನೂ ಬೇರೆಯವರನ್ನಾಗಿ ಮಾಡಿಬಿಟ್ಟರೆ ಲೈಸೆನ್ಸೂ ಬೇಡ, ಬಲಿಯೂ ಬೇಡ ಅನ್ನೋದು ಅವನ ಕನಸು. ಕೇಳೋಕೆ ಎಷ್ಟು ಚೆನ್ನಾಗಿದೆ! ಇಡೀ ಭೂಮಿ ಕಣ್ಣಿಗೆ ಬೀಳಬೇಕು ಅಂತ ಅಂತರಿಕ್ಷಕ್ಕೇ ಹೊರಡ್ತಾನೆ. ಅಷ್ಟು ಎತ್ತರದಲ್ಲಿ ಮನುಷ್ಯರಿಲ್ಲ. ಮನುಷ್ಯರಿಲ್ಲದ ಕಡೆ ಮಂತ್ರವೂ ಇಲ್ಲ. ಈ ಲೆಕ್ಕ ಅಂತೋನ್‌ಗೆ ಮೊದಲೇ ಹೊಳೆದಿತ್ತು. ಹೊಳೆದರೂ ಸ್ನೇಹಿತನಿಗೆ ಹೇಳದೆ ಹೋಗೋಕೆ ಬಿಟ್ಟ. ಮೊದಲ ಪುಸ್ತಕದ ಲೈಸೆನ್ಸ್ ವ್ಯವಹಾರಕ್ಕಿಂತ ಇದೇ ಜಾಸ್ತಿ ಕೊರೆಯುತ್ತೆ.

ಹಳದಿ ಲಾರಿ, ಕೆಂಪು ಸಬ್‌ಟೈಟಲ್

ಬಹಳಷ್ಟು ಜನಕ್ಕೆ ‘ನೈಟ್ ವಾಚ್’ ಗೊತ್ತಾಗಿದ್ದು ಸಿನಿಮಾದಿಂದ. 2004ರಲ್ಲಿ ತಿಮೂರ್ ಬೆಕ್‌ಮಂಬೆತೊವ್ ನಿರ್ದೇಶಿಸಿದ ಚಿತ್ರ. ಅವರೂ ಕಜಾಕ್‌ಸ್ತಾನದಲ್ಲೇ ಹುಟ್ಟಿದವರು. ಅಂತೋನ್ ಪಾತ್ರದಲ್ಲಿ ಕಾನ್ಸ್‌ತಾಂತಿನ್ ಖಬೆನ್‌ಸ್ಕಿ. ಸುಮಾರು 42 ಲಕ್ಷ ಡಾಲರ್‌ನಲ್ಲಿ ತಯಾರಾದ ಚಿತ್ರ ರಷ್ಯಾ ಒಂದರಲ್ಲೇ 1.6 ಕೋಟಿ ಡಾಲರ್ ಆಸುಪಾಸು ಗಳಿಸಿತು. ಹಾಲಿವುಡ್ ಚಿತ್ರಗಳ ಮುಂದೆ ಸೊರಗಿದ್ದ ರಷ್ಯನ್ ಸಿನಿಮಾಗೆ ಇದು ದೊಡ್ಡ ತಿರುವು. ಎರಡನೇ ಭಾಗ 2006ರ ಜನವರಿ 1ಕ್ಕೆ ಬಂತು. ಆಮೇಲೆ ನಿರ್ದೇಶಕರು ಹಾಲಿವುಡ್‌ಗೆ ಹೋಗಿ 2008ರಲ್ಲಿ ‘ವಾಂಟೆಡ್’ ಮಾಡಿದರು.

ಚಿತ್ರದಲ್ಲಿ ರಾತ್ರಿ ಗಸ್ತಿನವರ ವೇಷ ಬಲು ಚೆಂದ. ಹೊರಗಿನ ಲೋಕಕ್ಕೆ ಅವರು ಬೀದಿದೀಪ ನೋಡಿಕೊಳ್ಳೋ ಇಲಾಖೆಯವರು, ಹಳದಿ ಲಾರಿಯಲ್ಲಿ ಓಡಾಡ್ತಾರೆ. ಬೆಳಕಿನವರು ಅಂದ್ರೆ ಲೈಟ್ ಕಂಬದವರು! ಇಂಗ್ಲಿಷ್ ಸಬ್‌ಟೈಟಲ್ ಕೂಡ ಸುಮ್ಮನೆ ಕೆಳಗೆ ಬರಲ್ಲ, ಅಕ್ಷರಗಳು ರಕ್ತದ ಹಾಗೆ ಹರಡಿ ಕರಗ್ತವೆ. ಆದರೆ ಕಥೆಯ ವಿಷಯದಲ್ಲಿ ಸಿನಿಮಾ ಒಂದು ದೊಡ್ಡ ಬದಲಾವಣೆ ಮಾಡಿದೆ, ಯೆಗೋರ್‌ನನ್ನು ಅಂತೋನ್‌ನ ಮಗ ಅಂತ ತೋರಿಸಿದೆ. ಪುಸ್ತಕದಲ್ಲಿ ಅವನು ಯಾರೋ ದಾರಿಹೋಕ ಹುಡುಗ. ಸ್ವಂತ ಮಗನಿಗಾಗಿ ಯಾರು ಬೇಕಾದರೂ ಎದೆಯೊಡ್ಡಬಹುದು. ಯಾರದೋ ಮಗುವಿಗೆ, ಅದೂ ಶತ್ರುವಾಗಬಹುದಾದ ಮಗುವಿಗೆ ಎದೆಯೊಡ್ಡೋದರ ತೂಕ ಸಿನಿಮಾದಲ್ಲಿ ಕಮ್ಮಿಯಾಗಿದೆ.

ಬರೆದವರ ವಿಷಯ

ಇಲ್ಲೊಂದು ಕಹಿ ಮಾತೂ ಇದೆ. ‘ಒಳ್ಳೇ ಉದ್ದೇಶಕ್ಕೆ’ ಅಂತ ಹೇಳಿಕೊಂಡು ನಡೆಯೋ ಅನ್ಯಾಯವನ್ನು ಇಷ್ಟು ಚೆನ್ನಾಗಿ ಬಿಡಿಸಿ ತೋರಿಸಿದ ಲುಕ್ಯಾನೆಂಕೊ, 2022ರಲ್ಲಿ ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದಾಗ ಬಹಿರಂಗವಾಗಿ ದಾಳಿಯ ಪರ ನಿಂತರು. ಅದಕ್ಕೂ ಮೊದಲು, ಮೈದಾನ್ ಚಳವಳಿಯ ನಂತರ, ತನ್ನ ಪುಸ್ತಕಗಳನ್ನು ಉಕ್ರೇನಿಯನ್ ಭಾಷೆಗೆ ಅನುವಾದ ಮಾಡೋಕೆ ಬಿಡಲ್ಲ ಅಂದಿದ್ದರು. 2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ನಡೆದ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನಕ್ಕೆ ಅವರನ್ನು ಗೌರವ ಅತಿಥಿಯಾಗಿ ಹೆಸರಿಸಿದಾಗ ಬೇರೆ ದೇಶಗಳ ಲೇಖಕರಿಂದ ವಿರೋಧ ಕೇಳಿಬಂತು.

‘ಡೇ ವಾಚ್’ ಬಂದಾಗ ಆರ್ತೆಕ್ ಇದ್ದ ಕ್ರಿಮಿಯಾ ಉಕ್ರೇನಿನಲ್ಲಿತ್ತು, 2014ರಲ್ಲಿ ರಷ್ಯಾ ಅದನ್ನು ತನ್ನದಾಗಿಸಿಕೊಂಡಿತು. ಕನ್ನಡಿ ಮನುಷ್ಯ ರೈಲು ಹತ್ತಿದ ಮಿಕೊಲಾಯಿವ್ ಸಹಲೇಖಕ ವಸಿಲ್ಯೆವ್ ಹುಟ್ಟಿದ ಊರು. 2022ರ ಮಾರ್ಚ್‌ನಲ್ಲಿ ಅದೇ ಊರಿನ ಪ್ರಾಂತೀಯ ಆಡಳಿತ ಕಚೇರಿ ಮೇಲೆ ಕ್ಷಿಪಣಿ ಬಿದ್ದು ಜನ ಸತ್ತರು. ಪುಸ್ತಕ ತೆಗೆದರೆ ಈಗ ಊರಿನ ಹೆಸರುಗಳೇ ಚುಚ್ಚುತ್ತವೆ.

ಹಾಗಂತ ಓದಬಾರದಾ? ಕೆಲವರು ಕೈಬಿಟ್ಟಿದ್ದಾರೆ, ಲೇಖಕನಿಗೆ ಒಂದು ರೂಪಾಯಿಯೂ ಹೋಗಬಾರದು ಅನ್ನೋದು ಅವರ ನಿಲುವು. ಅದಕ್ಕೆ ಎದುರು ಹೇಳೋಕೆ ಏನೂ ಇಲ್ಲ. ಇನ್ನು ಕೆಲವರು ಹಳೇ ಪ್ರತಿ, ಲೈಬ್ರರಿ ಪ್ರತಿ ಹುಡುಕಿ ಓದ್ತಾರೆ. ಒಂದಂತೂ ನಿಜ. 1998ರ ಅಂತೋನ್ 2022ರ ಲುಕ್ಯಾನೆಂಕೊ ಎದುರು ಕೂತರೆ ಕೇಳೋ ಮೊದಲ ಪ್ರಶ್ನೆ ಏನು ಅನ್ನೋದು ಪುಸ್ತಕ ಓದಿದ ಯಾರಿಗಾದರೂ ಗೊತ್ತಾಗುತ್ತೆ.

ಓದೋ ಮನಸ್ಸಿದ್ದರೆ

ಆಂಡ್ರ್ಯೂ ಬ್ರಾಮ್‌ಫೀಲ್ಡ್ ಮಾಡಿದ ಇಂಗ್ಲಿಷ್ ಅನುವಾದ ಸರಳವಾಗಿದೆ, ಪಿಯುಸಿ ಮಟ್ಟದ ಇಂಗ್ಲಿಷ್ ಇದ್ದರೆ ಸಾಕು. ರಷ್ಯನ್ ಹೆಸರುಗಳು ಮೊದಲ ಐವತ್ತು ಪುಟ ಕಾಡ್ತವೆ, ಆಮೇಲೆ ಅಭ್ಯಾಸ ಆಗುತ್ತೆ. ಪ್ರತಿ ಪುಸ್ತಕದಲ್ಲೂ ಸಾಮಾನ್ಯವಾಗಿ ಮೂರು ಕಥೆ ಇರೋದರಿಂದ ಒಂದು ಮುಗಿಸಿ ಬಿಟ್ಟು ಮತ್ತೆ ಶುರು ಮಾಡಬಹುದು. ಮೊದಲ ಮೂರು ಪುಸ್ತಕ ತಪ್ಪಿಸಬೇಡಿ. ನಾಲ್ಕನೆಯದು, 2006ರ ‘ಲಾಸ್ಟ್ ವಾಚ್’, ಎಡಿನ್‌ಬರೋ, ಸಮರ್‌ಕಂದ್ ಅಂತ ಊರೂರು ಸುತ್ತಿಸುತ್ತೆ. ಅದರಲ್ಲಿ ಓಟ ಜಾಸ್ತಿ, ಯೋಚನೆ ಕಮ್ಮಿ. ಮುಂದಿನವು ಅಭಿಮಾನಿಗಳಿಗೆ ಮಾತ್ರ.

ಇದೇ ಜಾತಿಯ ಇಂಗ್ಲಿಷ್ ಕಥೆಗಳು ಬೇಕಂದ್ರೆ ಶಿಕಾಗೋದಲ್ಲಿ ನಡೆಯೋ ಜಿಮ್ ಬುಚರ್ ಅವರ ‘ಡ್ರೆಸ್ಡನ್ ಫೈಲ್ಸ್’ ಇದೆ, 2000ದಲ್ಲಿ ಶುರುವಾಗಿದ್ದು. ಲಂಡನ್ನಿನ ಮಾಂತ್ರಿಕ ಅಂಗಡಿಯವನ ಕಥೆ ಬೇಕಂದ್ರೆ ಬೆನೆಡಿಕ್ಟ್ ಜಾಕಾ ಅವರ ‘ಅಲೆಕ್ಸ್ ವೇರಸ್’ ಸರಣಿ, 2012ರಿಂದ 2021ರವರೆಗೆ 12 ಪುಸ್ತಕ. ಅದರಲ್ಲೂ ಬೆಳಕಿನ ಮಾಂತ್ರಿಕರ ಮಂಡಳಿ ಇದೆ, ಅದರಲ್ಲೂ ಅವರು ಅಷ್ಟೇನೂ ಒಳ್ಳೆಯವರಲ್ಲ.

ಇನ್ನೊಂದು ಮಾತು. ಅಂಗಡಿಯಲ್ಲಿ ‘ಲಾಸ್ಟ್ ವಾಚ್’ ಅನ್ನೋ ಹೆಸರು ನೋಡಿ ಇದೇ ಕೊನೆಯದು ಅಂತ ಮೋಸ ಹೋಗಬೇಡಿ. ಅದಾದ ಮೇಲೆ 2012ರಲ್ಲಿ ‘ನ್ಯೂ ವಾಚ್’, 2014ರಲ್ಲಿ ‘ಸಿಕ್ಸ್ತ್ ವಾಚ್’ ಬಂದಿವೆ.